ಲೋಭಾನದ ಹಿಂದ್ಲ ನೀಲಿ ಹೊಗಿ

ಅಲ್ಲ, ಅದೆಲ್ಲಾ ಸರಿ, ಆ ವಿಡಿಯೋದಾಗ ಗಾಡಿ ಹಿಂದ್ಲ ಭಾಗ ಯಾಕ ತೋರಿಸಿಲ್ಲ ಅಂತ ಕೇಳಿದ್ಯಾ ಆ ಗಾಡಿ ಮಾರೋನ್ನ? ಸುಮಾ, ನಿನ್ನಾ ಕೇಳೋದು. ಮುಂದ್ಲ ಗ್ಲಾಸು ತೋರಿಸ್ಯಾನ, ಸೀಟು ತೋರಿಸ್ಯಾನ, ಮ್ಯಾಲೆ ಹಾಡು ಬೇರೆ ಹಾಕ್ಯಾನ ಜೋರಾಗಿ, ಇಂಜಿನ್ ಸದ್ದು ಕೇಳಬಾರ್ದು ಅಂತ. ಸೈಲೆನ್ಸರ್ ಎಲ್ಲೈತಿ? ಹೊಗಿ ಎಲ್ಲೈತಿ? ಇಲ್ಲ. ನಾಳೆ ಹೋಗಿ ತಗಂಡು ಬರ್ತೀನಿ ಅಂತ ಕುಣಿಯಾಕ ಹತ್ತೀಯಲ್ಲ, ನಿನ್ನ ವಯಸ್ಸಿನಾಗಲ್ಲ, ನಲವತ್ತು ದಾಟಿದ ಮ್ಯಾಲೆ ನಾನೂ ಹಂಗಾ ಕುಣಿದಿದ್ದೆ. ಬುದ್ಧಿ ಇರಲಿಲ್ಲ ಅಂತಲ್ಲ. ಬುದ್ಧಿ ಇತ್ತು. ಅವತ್ತು ಕೈ ಮುಗಿಯೋದ್ರಾಗ ಮುಳುಗಿದ್ದೆ, ಅಷ್ಟಾ. ಫೋನ್ ಕೆಳಗಿಡು. ರೇಖಾ, ನೀನೂ ಬಾ, ಅಕ್ಕನ ಪಕ್ಕ ಕುಂದ್ರು. ಹಳೇ ಗಾಡಿ ಹೊಗಿ ಅಂದ್ರ ಏನು, ಅದರಿಂದ ನಿಮ್ಮಜ್ಜಿ ಊರಾಗ ಹೆಂಗ ತಲಿ ತಗ್ಗಿಸಿದ್ಲು, ತಗ್ಗಿಸಿದ ತಲಿ ಎತ್ತಾಕ ಒಬ್ಬನ್ನ ಹೆಂಗ ಬಗ್ಗಿಸಿದ್ಲು, ಹೇಳ್ತೀನಿ.

ನಿಮ್ಮಜ್ಜ ತೀರಿಕಂಡಾಗ ನಿಮ್ಮವ್ವ ಇನ್ನಾ ಲಂಗ ಉಡೋ ಹುಡುಗಿ. ಕೊಟ್ಟೂರು ಬಸ್‌ಸ್ಟ್ಯಾಂಡ್ ಮುಂದ ತಳ್ಳೋ ಬಂಡಿ ಇಟ್ಟೆ, ಮಿರ್ಚಿ ಮಂಡಕ್ಕಿ. ಬೆಳಿಗ್ಗಿಂದ ಸಂಜಿತನಕ ಎಣ್ಣಿ ಮುಂದ ನಿಂತೆ, ಒಂದು ವರ್ಷ ಎರಡು ವರ್ಷ ಅಲ್ಲ, ಇಪ್ಪತ್ತು ವರ್ಷ. ಓದು ನಂಗ ಯಾವ ಮಾಸ್ತರೂ ಕಲಿಸಿಲ್ಲ. ಮಿರ್ಚಿ ಕಟ್ಟಾಕ ರದ್ದಿ ಪೇಪರ್ ತರ್ತಿದ್ದೆ ನೋಡು, ಗಿರಾಕಿ ಇಲ್ಲದಾಗ ದಪ್ಪ ದಪ್ಪ ಅಕ್ಷರ ನೋಡೋದು, ಬಸ್ಸಿನ ಬೋರ್ಡ್ ನೋಡೋದು, ಕಂಡಕ್ಟರ್ ಕೂಗೋದು ಕೇಳೋದು, ಮೂರೂ ಹೊಂದಿಸೋದು. ಮೊದ್ಲು ಓದಿದ್ದು ಕೂಡ್ಲಿಗಿ. ಅಲ್ಲಲ್ಲ, ಹಡಗಲಿ. ಹಡಗಲಿ ಸುಲಭ, ಒತ್ತಕ್ಷರ ಇಲ್ಲ. ಕೂಡ್ಲಿಗಿ ಆಮ್ಯಾಲೆ ಬಂತು. ಹಗರಿಬೊಮ್ಮನಹಳ್ಳಿ ಓದಾಕ ನಂಗ ಒಂದು ತಿಂಗಳು ಹಿಡೀತು, ಅಷ್ಟೊತ್ತಿಗೆ ಬಸ್ಸಾ ಹೊಂಟು ಹೋಗ್ತಿತ್ತು. ನಗ್ರಿ, ನಗ್ರಿ. ನಕ್ಕೋರು ಬಾಳ ಮಂದಿ. ನಮ್ಮಣ್ಣನ ಲಗೇಜ್ ಆಟೋದಾಗ ಓಡಿಸೋದು ಕಲಿತಾಗ ನಕ್ರು, ಲೈಸೆನ್ಸ್ ತಗಂಡಾಗ ನಕ್ರು, ಮಿರ್ಚಿ ಕೊಟ್ರವ್ವ ಕಾರು ಬಾಡಿಗಿ ಹೊಡೀತಾಳಂತ ಅಂತ ನಕ್ರು. ನಗಲಿ ಬಿಡು, ನಂದು ನಂಗ ಇತ್ತು. ನಿಮ್ಮವ್ವನ ಮದುವಿ ಮುಗಿದಿತ್ತು, ಕೈಯಾಗ ಉಳಿದದ್ದನ್ನೆಲ್ಲ ಸೇರಿಸಿ ಒಂದು ಹಳೇ ಕಾರು ತಗಳೋದು ಅಂತ ಮಾಡಿದೆ.

ಹಗರಿಬೊಮ್ಮನಹಳ್ಳಿಯಾಗ ಮಂಜಣ್ಣ ಅಂತ ಒಬ್ಬ ಇದ್ದ. ರೋಡಿನ ಪಕ್ಕ ತಗಡಿನ ಶೆಡ್ಡು, ಹಳೇ ಗಾಡಿ ತಗಳೋದು, ಮಾರೋದು. ಎದುರಿಗೆ ಚಾ ಅಂಗಡಿ. ಹಣಿ ತುಂಬ ವಿಭೂತಿ, ಬಾಯಿ ತುಂಬ ಅಕ್ಕಾ ತಂಗಿ. ಅವನ ಹತ್ರ ಒಂದು ಬಿಳೀ ಪೆಟ್ರೋಲ್ ಗಾಡಿ ಇತ್ತು, ಒಗೆದಿಟ್ಟ ಧೋತ್ರದಂಗ ಹೊಳೀತಿತ್ತು. ಅವನ ಪದ್ಧತಿ ಏನಂದ್ರ, ಗಾಡಿ ಕೊಡೋದು ಅಮಾಸಿ ದಿನಾನಾ. ಅಮಾಸಿಗೆ ನಾವೆಲ್ಲ ಗಾಡಿ ತೊಳೆದು ನಿಂಬಿಹಣ್ಣು ಕಟ್ತೀವಲ್ಲ, ಅದಾ ದಿನ. 'ಅಕ್ಕಾ, ನಾನು ಪೂಜಿ ಮಾಡದ ಗಾಡಿ ಯಾರಿಗೂ ಕೊಡಂಗಿಲ್ಲ. ದೃಷ್ಟಿ ತೆಗೆದು, ಲೋಭಾನ ಹಾಕಿ, ಆಮ್ಯಾಲೆ ಕೀ ಕೊಡ್ತೀನಿ.' ಕಬ್ಬಿಣದ ಬಾಣಲಿಯಾಗ ಕೆಂಡ, ಕೆಂಡದ ಮ್ಯಾಲೆ ಹಿಡಿ ತುಂಬ ಲೋಭಾನ. ಅಬ್ಬಬ್ಬ, ಏನು ಹೊಗಿ, ಏನು ವಾಸನಿ! ಹೊಗಿ ಗಾಡಿ ಸುತ್ತ ಮುಸುಕು ಹಾಕ್ತು, ಅವ ಅದಾ ಹೊತ್ತಿಗೆ ಗಾಡಿ ಸ್ಟಾರ್ಟ್ ಮಾಡಿದ. ನಾನು ಮುಂದ ನಿಂತಿದ್ದೆ, ಕಣ್ಣು ಮುಚ್ಚಿ, ಕೈ ಮುಗಿದು. ಮೈಲಾರಲಿಂಗಾ, ನನ್ನ ಅನ್ನದ ಗಾಡಿ ಇದು, ನೀನಾ ನಡೆಸಪ್ಪ ಅಂದೆ. ಕಣ್ಣಾಗ ನೀರು ಬಂತು ನಂಗ. ಆಮ್ಯಾಲೆ ಎರಡು ಮೈಲಿ ಓಡಿಸಿ ನೋಡಿದೆ, ಸಮ ರಸ್ತಿ, ಚಲೋ ಹೋತು. ಮನಿಗೆ ತಂದೆ.

ನಾಲ್ಕು ಮಂದಿ ಟೀಚರಮ್ಮಗಳು ಸಿಕ್ರು. ಕೊಟ್ಟೂರಾಗ ಮನಿ, ಹರಪನಹಳ್ಳಿ ಆಚಿ ಹಳ್ಳಿಯಾಗ ಸಾಲಿ. ದಿನಾ ಬೆಳಿಗ್ಗಿ ಕರ್ಕಂಡು ಹೋಗೋದು, ಸಂಜಿಗೆ ಕರ್ಕಂಡು ಬರೋದು. ಹೆಣ್ಣುಮಗಳು ಓಡಿಸೋ ಗಾಡಿ ಅಂತಾನಾ ನನ್ನ ಹತ್ರ ಬಂದಿದ್ರು ಅವರು, ಅದು ನಂಗ ದೊಡ್ಡ ಹೆಮ್ಮಿ. ಹುಣ್ಣಿವಿಗೆ ಉಚ್ಚಂಗಿದುರ್ಗದ ಗುಡ್ಡಕ್ಕ, ಅಮ್ಮನ ಗುಡಿಗೆ ಬಾಡಿಗಿ. ಗಾಡಿ ನಡೀತು. ಆದ್ರ ಅಷ್ಟು ದಿನ ನಾನು ಹಿಂದ ತಿರುಗಿ ನೋಡಿದ್ದಿಲ್ಲ, ಎಂಟನೇ ದಿನಕ್ಕೋ ಹತ್ತನೇ ದಿನಕ್ಕೋ ಬೆಳಿಗ್ಗಿ ಟೀಚರಮ್ಮನ ಮನಿ ಮುಂದ ನಿಲ್ಲಿಸಿ, ಬಂದ್ ಮಾಡಿ, ಮತ್ತ ಸ್ಟಾರ್ಟ್ ಮಾಡಿದೆ ನೋಡು, ಹಿಂದ ಬುಸ್ ಅಂತ ನೀಲಿ ಹೊಗಿ. ಒಗೆದು ಹಾಕಿದ್ದ ಸೀರಿ ಮ್ಯಾಲೆಲ್ಲ ಹೋತು. ಎಣ್ಣಿ ಅಳೆಯೋ ಕಡ್ಡಿ ತೆಗೆದು ನೋಡಿದ್ರ ಇಂಜಿನ್ ಎಣ್ಣಿ ಕೆಳಗಿನ ಗೀಟಿಗಿಂತ ಕೆಳಗ ಹೋಗ್ಯಾದ. ಕೆಳಗ ಒಂದು ಹನಿ ಸೋರಿಲ್ಲ. ಎಲ್ಲಿ ಹೋತು ಎಣ್ಣಿ? ನಾನು ಏನ್ ಮಾಡಿದೆ, ಅದು ನನ್ನ ತಪ್ಪು, ಒಪ್ಕಂತೀನಿ, ಕಡಿಮಿ ಆದೀತು ಅಂತ ಹೆದರಿ ಮ್ಯಾಲಿನ ಗೀಟು ದಾಟಿ ಹಾಕಿದೆ. ಬಾಣಲಿಗೆ ಎಣ್ಣಿ ಜಾಸ್ತಿ ಆದ್ರ ಮಿರ್ಚಿ ಚಲೋ ಬೇಯ್ತಾವಲ್ಲ, ಆ ಲೆಕ್ಕ. ಹೊಗಿ ಇನ್ನಾ ಜಾಸ್ತಿ ಆತು. ಸ್ಟ್ಯಾಂಡಿನಾಗ ಆಟೋ ಹನುಮಂತ ಅಂತ ಒಬ್ಬ ಇದ್ದ, ಬಾಯಿ ಬಾಳ ಉದ್ದ ಅವಂದು. 'ಲೇ, ಸರೀರಿ ಸರೀರಿ, ರೈಲು ಬಂತು! ಕೊಟ್ರವ್ವ ಮಿರ್ಚಿ ಬಿಟ್ಟಿಲ್ಲ, ಬಂಡಿಗೆ ಇಂಜಿನ್ ಹಾಕ್ಯಾಳ ಅಷ್ಟಾ!' ಅಲ್ಲಿಂದ ನನ್ನ ಹೆಸರು ಹೊಗಿ ಕೊಟ್ರವ್ವ ಆತು. ತಿಂಗಳೊಳಗ ಟೀಚರಮ್ಮಗಳು ಬಿಟ್ರು. ಅವರ ತಪ್ಪಲ್ಲ. ಸಾಲಿ ಮಕ್ಕಳು ಮೂಗು ಮುಚ್ಚಿಕಂತಿದ್ರಂತ.

ಮಂಜಣ್ಣನ ಹತ್ರ ಹೋದೆ. ಜಗಳಕ್ಕಲ್ಲ, ಕೇಳಾಕ. ಚಾ ಅಂಗಡಿ ಮುಂದ ಹತ್ತು ಹನ್ನೆರಡು ಮಂದಿ ಕುಂತಿದ್ರು, ನಮ್ಮೂರ ಹನುಮಂತನೂ ಬಾಡಿಗಿ ತಂದು ಅಲ್ಲೇ ಇದ್ದ. 'ಮಂಜಣ್ಣಾ, ಗಾಡಿ ಎಣ್ಣಿ ಕುಡೀತೈತಿ, ನೀಲಿ ಹೊಗಿ ಬರ್ತೈತಿ' ಅಂದೆ. ಅವ ಎದ್ದು ಸುದ್ದಾ ನಿಲ್ಲಲಿಲ್ಲ. ಬಸಿಯಾಗ ಚಾ ಊದಿಕಂತ, 'ಅಕ್ಕಾ, ನಾನು ಕೊಡೋವಾಗ ಹೊಗಿ ಇತ್ತೇನು? ನೀನಾ ಮುಂದ ನಿಂತಿದ್ದಿ. ಹೆಂಗಸ್ರು ಕ್ಲಚ್ ಮ್ಯಾಲಿಂದ ಕಾಲು ತೆಗಿಯಂಗಿಲ್ಲ, ಮೊದಲ್ನೇ ಗೇರಿನಾಗ ಚೀರಿಸ್ತೀರಿ, ಒಳಗಿನ ರಿಂಗ್ ಹೋಗ್ಯಾವ. ಇಂಜಿನ್ನಾ ಬಿಚ್ಚಬೇಕು' ಅಂದ. ಆಮ್ಯಾಲೆ ಸುತ್ತ ಮಂದಿ ಕಡೆ ತಿರುಗಿ, ನೋಡು, ಈ ಮಾತು ನಾನು ಸಾಯೋತನಕ ಮರೆಯಂಗಿಲ್ಲ, 'ಇಲ್ಲಾ ಮಿರ್ಚಿ ಕರಿದು ಉಳಿದ ಎಣ್ಣಿ ಹಾಕೀಯೇನು ಇಂಜಿನ್ನಿಗೆ?' ಅಂದ. ಒಬ್ಬನಾದ್ರೂ ಸುಮ್ಕಿದ್ನಾ? ಗ್ಲಾಸು ತೊಳೆಯೋನೂ ನಕ್ಕ. ಗಾಡಿ ಹತ್ತಿದೆ, ಸ್ಟಾರ್ಟ್ ಮಾಡಿದೆ, ಅದು ಮತ್ತ ಬುಸ್ ಅಂತು, ಅವರು ಮತ್ತ ನಕ್ರು. ಬರೋ ದಾರಿಯಾಗ ಒಂದಾ ಮಾತು ಹಿಡ್ಕಂಡೆ: ದುಡ್ಡು ಬ್ಯಾಡ, ಗಾಡಿ ವಾಪಸ್ ತಗಳೋದೂ ಬ್ಯಾಡ. ಇದು ಕೊಟ್ರವ್ವನ ಕಾಲಿನ ತಪ್ಪಲ್ಲ, ಕೊಡೋವಾಗ್ಲೇ ಇತ್ತು, ನಂಗ ಗೊತ್ತಿತ್ತು ಅಂತ ಇವನ ಬಾಯಿಲೇ, ಇದಾ ಚಾ ಅಂಗಡಿ ಮುಂದ, ಇದಾ ಮಂದಿ ಎದುರಿಗೆ ಹೇಳಿಸ್ಬೇಕು.

ಆದ್ರ ಹೇಳಿಸಾಕ ಮೊದ್ಲು ನಂಗ ಗೊತ್ತಿರಬೇಕಲ್ಲ? ಕೂಡ್ಲಿಗಿಯಾಗ ರದ್ದಿ ಅಂಗಡಿಗೆ ಹೋದಾಗ ಒಂದು ಮೋಟಾರ್ ಪುಸ್ತಕ ಸಿಕ್ತು, ಮ್ಯಾಲಿನ ರಟ್ಟಿಲ್ಲ, ಮೊದಲ್ನೇ ಹತ್ತು ಹಾಳಿ ಇಲ್ಲ. ಬಾಡಿಗಿ ಇಲ್ಲದ್ದಕ್ಕ ಮತ್ತ ಮಿರ್ಚಿ ಬಂಡಿ ಹಚ್ಚಿದ್ದೆ, ದಿನಾ ಮಧ್ಯಾಹ್ನ ಅದರ ಹತ್ರ ಕುಂತು ಬೆರಳಿಟ್ಟು ಓದಿದೆ. ಒಂದೊಂದು ಹಾಳಿಗೆ ಮೂರು ಮೂರು ದಿನ. ಓದ್ತಾ ಓದ್ತಾ ಏನು ಗೊತ್ತಾತು ಅಂದ್ರ, ಅರ್ಧ ವಿದ್ಯಾ ನನ್ನ ಹತ್ರ ಮೊದ್ಲಾ ಇತ್ತು! ಹಸಿ ಕಟ್ಟಿಗಿ ಒಲಿಗೆ ಹಾಕಿದ್ರ ಬೆಳ್ಳನ ಹೊಗಿ, ನೀರಿನ ಹಬಿ ಅದು. ಗಾಡಿಯಾಗೂ ಹಂಗಾ, ಬೆಳ್ಳಗೆ ದಟ್ಟಗೆ ಬರ್ತಾನಾ ಇದ್ರ ನೀರು ಒಳಗ ಹೊಂಟೈತಿ ಅಂತ. ಸೀಮೆಎಣ್ಣಿ ಸ್ಟವ್ ಬತ್ತಿ ಏರಿಸಿದ್ರ ಕರೇ ಹೊಗಿ, ಉರಿಯೋದು ಜಾಸ್ತಿ, ಗಾಳಿ ಕಡಿಮಿ. ಗಾಡಿಯಾಗೂ ಕರೇ ಹೊಗಿ ಅಂದ್ರ ಪೆಟ್ರೋಲ್ ಜಾಸ್ತಿ, ಗಾಳಿ ಹೋಗೋ ಜಾಳಿಗಿ ಕಟ್ಟೈತಿ. ಇನ್ನ ಬಾಣಲಿ ಎಣ್ಣಿ ಕಾದು ಕಾದು ಸುಟ್ರ? ನೀಲಿ! ಕಣ್ಣು ಉರಿಯೋ ನೀಲಿ. ಇಪ್ಪತ್ತು ವರ್ಷ ಅದರ ಮುಂದ ನಿಂತೋಳಿಗೆ ಎಣ್ಣಿ ಹೊಗಿ ಕಲಿಸಾಕ ಬಂದಿದ್ದ ಆ ಮಂಜಣ್ಣ.

ಎಣ್ಣಿ ಸುಡ್ತೈತಿ ಅಂತ ಗೊತ್ತಾತು. ಎಲ್ಲಿಂದ ಇಳಿದು ಸುಡ್ತೈತಿ? ಪುಸ್ತಕದಾಗ ಎರಡು ದಾರಿ ಬರೆದಿದ್ರು. ಪಿಸ್ಟನ್ ರಿಂಗ್ ಸವೆದ್ರ ಎಣ್ಣಿ ಕೆಳಗಿನಿಂದ ಏರ್ತೈತಿ, ಅದು ಏರಿನಾಗ, ಭಾರ ಎಳೆಯೋವಾಗ ಹೊಗಿ ಬಿಡ್ತೈತಿ. ಮ್ಯಾಲೆ ವಾಲ್ವ್ ಇರ್ತಾವ, ಅವಕ್ಕ ರಬ್ಬರಿನ ಸೀಲ್ ಇರ್ತಾವ, ಸಣ್ಣ ಟೋಪಿ ಇದ್ದಂಗ. ಅವು ಒಣಗಿದ್ರ ಗಾಡಿ ನಿಂತಾಗ ಎಣ್ಣಿ ಹನಿ ಹನಿ ಒಳಗ ಇಳೀತೈತಿ, ಬೆಳಿಗ್ಗಿ ಸ್ಟಾರ್ಟ್ ಮಾಡಿದ್ರ ಒಂದು ಬುಸ್, ಆಮ್ಯಾಲೆ ನಿಲ್ತೈತಿ. ಇಳಿಜಾರಿನಾಗ ಆಕ್ಸಿಲೇಟರ್ ಬಿಟ್ಟು ಇಳಿದು, ಕೆಳಗ ಬಂದು ಒತ್ತಿದ್ರ ಮತ್ತ ಬುಸ್. ನಾನು ಮೊದ್ಲು ಎಣ್ಣಿ ಗೀಟಿಗೆ ಸರಿ ಮಾಡ್ಕಂಡೆ. ಖಾಲಿ ಗಾಡಿ ತಗಂಡು ಉಚ್ಚಂಗಿದುರ್ಗಕ್ಕ ಹೋದೆ, ಒಬ್ಬಾಕಿನಾ. ಏರಿದೆ, ಕನ್ನಡಿಯಾಗ ನೋಡಿದೆ, ಹೊಗಿ ಇಲ್ಲ. ಕಾಲು ಬಿಟ್ಟು ಗೇರಿನಾಗ ಇಳಿದೆ, ಕೆಳಗ ಬಂದು ಒತ್ತಿದೆ. ಹಿಂದ ಬರ್ತಿದ್ದ ಬೈಕಿನೋನು ಹೊಗಿಯಾಗ ಮುಚ್ಚೇ ಹೋದ, ಬೈದ ನನ್ನ. ಬಯ್ಯಪ್ಪಾ ಬಯ್ಯಿ ಅಂದೆ. ಉಚ್ಚಂಗೆಮ್ಮಗ ಅಲ್ಲೇ ರಸ್ತಿಯಾಗ ನಿಂತು ಕೈ ಮುಗಿದೆ. ಈ ಸಲ ಕಣ್ಣು ಮುಚ್ಚಲಿಲ್ಲ.

ಕೂಡ್ಲಿಗಿಯಾಗ ಇಮಾಮ್ ಸಾಬ್ ಅಂತ ಹಳೇ ಮೆಕ್ಯಾನಿಕ್, ಮಾತು ಕಡಿಮಿ. ಅವಂಗ ಹೇಳಿದೆ, 'ಸಾಬರೇ, ರಿಂಗ್ ಅಲ್ಲ, ವಾಲ್ವ್ ಸೀಲ್.' ಅವ ಕನ್ನಡಕ ಮೂಗಿಗೆ ಇಳಿಸಿ ನೋಡಿದ. 'ಕೌನ್ ಬೋಲಾ? ಯಾರು ಹೇಳಿದ್ರು ನಿಮ್ಗೆ?' 'ದುರ್ಗದ ಇಳಿಜಾರು ಹೇಳ್ತು.' ನಕ್ಕ. ಪ್ಲಗ್ ಬಿಚ್ಚಿ, ಆ ತೂತಿಗೆ ಮುಳ್ಳಿನ ಮೀಟರ್ ಹಚ್ಚಿ ಒತ್ತಡ ನೋಡಿದ. ಆಮ್ಯಾಲೆ ಅದಾ ತೂತಿಗೆ ಒಂದು ಚಮಚ ಎಣ್ಣಿ ಬಿಟ್ಟು ಮತ್ತ ನೋಡಿದ. 'ನೋಡಕ್ಕಾ, ರಿಂಗ್ ಹೋಗಿದ್ರೆ ಎಣ್ಣಿ ಬಿದ್ದ ಕೂಡ್ಲೆ ಮುಳ್ಳು ಏರ್ಬೇಕು. ಏರಿಲ್ಲ. ರಿಂಗ್ ಬಿಲ್ಕುಲ್ ಠೀಕ್. ನಿಮ್ಮ ಮಾತೇ ಸರಿ.' ಹಳೇ ಸೀಲ್ ತೆಗೆದು ಕೈಯಾಗ ಕೊಟ್ಟ. ಹೆಬ್ಬೆಟ್ಟಿನ ತುದಿಯಷ್ಟು ದಪ್ಪ, ಹಿಚುಕಿದ್ರ ಚಕ್ಕುಲಿಯಂಗ ಪುಡಿಯಾತು. 'ಇದು ನಾಲ್ಕು ತಿಂಗಳಿಗೆ ಹಿಂಗ ಆಗಂಗಿಲ್ಲ. ವರ್ಷಗಟ್ಲೆ ಒಣಗಿದೆ. ಮಾರಿದೋನಿಗೆ ಗೊತ್ತಿರ್ಲೇಬೇಕು, ದಿನಾ ಬೆಳಿಗ್ಗಿ ಸ್ಟಾರ್ಟ್ ಮಾಡಿದಾಗ ಕಂಡೇ ಕಾಣ್ತದೆ' ಅಂದ. ಹೊಸ ಸೀಲ್ ಹಾಕಿ ಒಂದು ದಿನ ನಿಲ್ಲಿಸಿ, ಮರುದಿನ ಸ್ಟಾರ್ಟ್ ಮಾಡಿದ. ನಾನು ಹಿಂದ ಕುಕ್ಕರಗಾಲಿಲೇ ಕುಂತಿದ್ದೆ. ಏನೂ ಇಲ್ಲ. ಸ್ವಚ್ಛ ಗಾಳಿ. ಆವಾಗ ನಂಗ ಹೊಳೀತು ನೋಡು. ನಾನು ತಗಂಡ ದಿನ ಆ ಲೋಭಾನದ ಬಾಣಲಿ ಎಲ್ಲಿಟ್ಟಿದ್ದ ಮಂಜಣ್ಣ? ಮುಂದ ಅಲ್ಲ. ಹಿಂದ. ಸೈಲೆನ್ಸರ್ ಬಾಯಿ ಪಕ್ಕದಾಗ. ನಾನು ಮುಂದ ನಿಂತು ಅತ್ತಿದ್ದು ಅವನ ಕಳ್ಳ ಹೊಗಿಗೆ! ದೇವರ ಹೆಸರಿಟ್ಟು ಮುಚ್ಚಿದ್ದ. ಅವತ್ತು ಹತ್ತಿದ ಸಿಟ್ಟು, ಸುಳ್ಳು ಯಾಕ ಹೇಳಲಿ, ನಂಗ ಒಂಥರಾ ರುಚಿ ಅನಿಸ್ತು.

ಗಾಡಿ ರಿಪೇರಿ ಆಗೈತಿ ಅಂತ ಯಾರಿಗೂ ಹೇಳಲಿಲ್ಲ. ಮುಂದಿನ ಅಮಾಸಿ ಕಾಯ್ದೆ. ಆ ಅಮಾಸಿ ಅವ ಗಾಡಿ ಕೊಡಲಿಲ್ಲ. ಅದರ ಮುಂದಿನದು ಕಾಯ್ದೆ. ಬೆಳಿಗ್ಗಿ ಹನುಮಂತನ್ನ ಕರೆದೆ, 'ಬಾರಪ್ಪ, ಚಾ ಕುಡಿಸ್ತೀನಿ, ಹಗರಿಬೊಮ್ಮನಹಳ್ಳಿಗೆ ಹೋಗಿ ಬರಾಮು.' 'ರೈಲಿನಾಗಾ ಬೇ?' ಅಂದ. 'ಹೂಂ, ರೈಲಿನಾಗಾ.' ಸ್ಟಾರ್ಟ್ ಮಾಡಿದೆ, ಅವ ಹಿಂದ ನೋಡಿದ, ನನ್ನ ನೋಡಿದ, ಇಳಿದು ಸೈಲೆನ್ಸರ್ ಹತ್ರ ಮೂಗು ಹಿಡಿದು ನೋಡಿ ಬಂದು ಕುಂತ.

ಶೆಡ್ಡಿನ ಮುಂದ ಒಂದು ಕೆಂಪು ಗಾಡಿ, ತೊಳೆದು ಹೂವು ಹಾಕ್ಯಾರ. ತಗಳಾಕ ಬಂದೋರು ಮೈಲಾರದ ಕಡೆ ಕುರಿ ಸಾಕೋ ಗಂಡ ಹೆಂಡ್ತಿ. ಆ ಹೆಣ್ಣುಮಗಳು ಮುಂದ ನಿಂತಿದ್ಲು, ಕಣ್ಣು ಮುಚ್ಚಿ, ಕೈ ಮುಗಿದು. ನನ್ನಾ ನೋಡಿದಂಗ ಆತು. ಬಾಣಲಿ? ಹಿಂದ, ಸೈಲೆನ್ಸರ್ ಹತ್ರ. ಚಾ ಅಂಗಡಿಯಾಗ ಅದಾ ಮಂದಿ. ಮಂಜಣ್ಣ ನನ್ನ ನೋಡಿ, 'ಏನಕ್ಕಾ, ಮಿರ್ಚಿ ತಂದೀಯಾ?' ಅಂದ. ನಾನು ಸೀದಾ ಗಾಡಿ ಹಿಂದ ಹೋದೆ. ಸೆರಗು ಕೈಗೆ ಸುತ್ಕಂಡು ಬಾಣಲಿ ಎತ್ತಿದೆ. ಆಕಿ ಕಣ್ಣು ತೆಗೆದು ಚೀರಿದ್ಲು, 'ಏ ಯವ್ವಾ, ಪೂಜಿ ಕೆಡಿಸ್ಬ್ಯಾಡ ಬೇ! ನಾವು ಹರಕಿ ಹೊತ್ತು ತಗಳಾಕ ಬಂದೀವಿ.' ಮಂದಿ ಎದ್ದು ನಿಂತ್ರು. ಆ ಗಳಿಗಿಯಾಗ ನಾನು ಒಂದು ಮಾತು ತಪ್ಪಿದ್ರ ಎಲ್ಲಾ ನನ್ನ ಮ್ಯಾಲೆ ತಿರುಗಿಬೀಳ್ತಿದ್ರು. ನಾನು ಮೆಲ್ಲಗೆ ಅಂದೆ, 'ತಾಯಿ, ಕೆಡಿಸಾಕ ಬಂದಿಲ್ಲ. ನೀನು ಗುಡಿಗೆ ಹೋದ್ರ ಲೋಭಾನ ದೇವರ ಮುಂದ ಹಾಕ್ತೀಯೋ, ಬೆನ್ನಿಗೆ ಹಾಕ್ತೀಯೋ? ಗಾಡಿ ಮುಖ ಮುಂದ ಐತಿ. ಮುಂದ ಹಾಕ್ತೀನಿ, ಅಷ್ಟಾ.' ಆಕಿ ಗಂಡನ ಕಡೆ ನೋಡಿದ್ಲು. ಒಬ್ಬ ಮುದುಕ ಬೆಂಚಿನ ಮ್ಯಾಲಿಂದ 'ಹೌದಲ್ಲ, ಸರಿ ಐತಿ' ಅಂದ. ನಾನು ಬಾಣಲಿ ತಂದು ಬಾನೆಟ್ ಮುಂದ ಇಟ್ಟೆ, ಇನ್ನೊಂದು ಹಿಡಿ ಲೋಭಾನ ನಾನಾ ಹಾಕಿದೆ, ಶರಣು ಮಾಡಿದೆ. 'ಈಗ ಸ್ಟಾರ್ಟ್ ಮಾಡಪ್ಪ.'

ಮಂಜಣ್ಣನ ಮುಖ ಬೂದಿ ಆತು. 'ಈಗ ಬ್ಯಾಡ, ಮುಹೂರ್ತ ಆಗಿಲ್ಲ' ಅಂದ. ಕುರಿಯಣ್ಣ, 'ಕೀ ಗಾಡಿಯಾಗಾ ಐತಲ್ಲ ಅಣ್ಣಾ' ಅಂತ ತಾನಾ ಹೋಗಿ ತಿರುವಿದ. ಹಿಂದ ಎದ್ದ ನೀಲಿ ಹೊಗಿ ರಸ್ತಿ ದಾಟಿ ಚಾ ಅಂಗಡಿಗೆ ನುಗ್ತು. ಮಂದಿ ಕೆಮ್ಮಿದ್ರು. 'ಚಳಿಗೆ ಬರ್ತೈತಿ ಅಷ್ಟಾ!' ಅಂತ ಕೂಗಿದ ಮಂಜಣ್ಣ. 'ಚಳಿಗೆ ಬರೋದು ಬೆಳ್ಳಗ, ತುಸು ಹೊತ್ತಿಗೆ ಹಾರಿ ಹೋಗ್ತೈತಿ, ವಾಸನಿ ಇರಂಗಿಲ್ಲ. ಇದು ನೀಲಿ, ಸುಟ್ಟೆಣ್ಣಿ ವಾಸನಿ. ಮಂಜಣ್ಣಾ, ಇದಕ್ಕ ಮಿರ್ಚಿ ಎಣ್ಣಿ ಯಾರು ಹಾಕಿದ್ರೋ? ಇದನ್ನ ಯಾವ ಹೆಂಗಸು ಓಡಿಸಿದ್ಲೋ?' ಅಂದೆ. ಒಬ್ಬರೂ ನಗಲಿಲ್ಲ. ಹನುಮಂತ ಮುಂದ ಬಂದು, 'ಅಕ್ಕನ ಗಾಡಿ ಈಗ ನೋಡ್ರಿ, ಒಂದೆಳಿ ಹೊಗಿ ಇಲ್ಲ' ಅಂದ. ನಾನು ಪುಡಿಯಾದ ಸೀಲ್ ಚೀಟಿಯಾಗ ಕಟ್ಕಂಡು ಹೋಗಿದ್ದೆ, ಬಿಚ್ಚಿ ಬೆಂಚಿನ ಮ್ಯಾಲೆ ಸುರುವಿದೆ. ಮಂಜಣ್ಣ ನನ್ನ ಪಕ್ಕಕ್ಕ ಕರೆದ. 'ಅಕ್ಕಾ, ನಿನ್ನ ದುಡ್ಡು ನಿಂಗ ವಾಪಸ್ ಕೊಡ್ತೀನಿ, ಹೊಂಟು ಹೋಗು.' 'ಬ್ಯಾಡ. ಹೇಳು. ನಂಗ ಕೊಡೋವಾಗ ಗೊತ್ತಿತ್ತೋ ಇಲ್ಲೋ?' 'ಗೊತ್ತಿತ್ತು' ಅಂದ, ನೆಲ ನೋಡಿಕಂತ. 'ನಂಗಲ್ಲ, ಅವ್ರಿಗೆ ಹೇಳು.' 'ಗೊತ್ತಿತ್ರಿ.' 'ಯಾರ ಕಾಲಿನ ತಪ್ಪು?' 'ಅಕ್ಕಂದಲ್ಲ.' 'ಜೋರಾಗಿ.' 'ಅಕ್ಕಂದಲ್ಲರಿ! ಗಾಡಿ ಮೊದ್ಲಾ ಹಂಗಿತ್ರಿ!' ಮೂರು ಸಲ ಹೇಳಿಸಿದೆ. ಒಂದು ಸಲ ಸಾಕಿತ್ತೇನೋ. ನಂಗ ಸಾಕಾಗಲಿಲ್ಲ.

ಅಷ್ಟಕ್ಕೂ ಬಿಡಲಿಲ್ಲ ನಾನು. ಒಂದು ವರ್ಷ, ಪ್ರತಿ ಅಮಾಸಿ, ಆ ಚಾ ಅಂಗಡಿಗೆ ಹೋಗಿ ಕುಂತೆ. ಬಾಯಿ ಬಿಡ್ತಿದ್ದಿಲ್ಲ. ಯಾರಾದ್ರೂ ಗಾಡಿ ನೋಡಾಕ ಬಂದ್ರ ಎದ್ದು ಹೋಗಿ ಹಿಂದ ನಿಲ್ತಿದ್ದೆ, ಅಷ್ಟಾ. ಅವರು ತಗಳದಾ ಹೋಗ್ತಿದ್ರು. ಒಂದಿನ ಅವನ ಹೆಂಡ್ತಿ ಕೊಟ್ಟೂರಿಗೆ ನನ್ನ ಬಂಡಿ ಹತ್ರ ಬಂದ್ಲು. 'ಅಕ್ಕಾ, ಅವ ಮಾಡಿದ್ದು ತಪ್ಪು. ಇನ್ನ ಸಾಕು ಮಾಡು' ಅಂದ್ಲು. ಆಕಿಗೆ ಬಿಸಿ ಮಿರ್ಚಿ ಕೊಟ್ಟೆ, ನೀರು ಕೊಟ್ಟೆ, ಕುಂದ್ರಿಸಿದೆ. 'ತಂಗಿ, ನಿನ್ನ ಮ್ಯಾಲೆ ನಂಗೇನಿಲ್ಲ. ಮಾರೋವಾಗ ಗಾಡಿಗೆ ಏನಾಗೈತಿ ಅಂತ ಬಾಯಿಬಿಟ್ಟು ಹೇಳಿ ಮಾರು ಅನ್ನು, ಅವತ್ತಾ ಬರೋದು ಬಿಡ್ತೀನಿ' ಅಂದೆ. ಅವ ಅದನ್ನ ಮಾಡಲಿಲ್ಲ. ಶೆಡ್ಡು ಮುಚ್ಚಿದ. ದಾವಣಗೆರೆ ಕಡೆ ಹೋದ ಅಂತಾರ. ಪಾಪ ಅನ್ನಿಸ್ಲಿಲ್ಲೇನಜ್ಜಿ ಅಂತ ಕೇಳ್ತೀಯಾ ರೇಖಾ? ಇಲ್ಲ. ಟೀಚರಮ್ಮಗಳು ಮೂರು ಮಂದಿ ವಾಪಸ್ ಬಂದ್ರು, ನಾಲ್ಕನೇ ಆಕಿ ಬರಲಿಲ್ಲ. ಈಗ್ಲೂ ರಸ್ತಿಯಾಗ ಸಿಕ್ರ ಆ ಕಡೆ ನೋಡಿಕಂತ ಹೋಗ್ತಾಳ. ಅದು ಯಾರು ತಂದುಕೊಡ್ತಾರ ನಂಗ? ಯಾಕ ಪಾಪ ಅನ್ನಲಿ.

ಸಿಟ್ಟು ಬರೋದು ತಪ್ಪಲ್ಲ ಮಕ್ಕಳಾ, ಎಲ್ಲರೂ ನಗೋವಾಗ ಬಾಯಿಗೆ ಬಂದಂಗ ಒದರಿಬಿಡೋದು ತಪ್ಪು. ತಡ್ಕಂಡು ಮನಿಗೆ ಬರ್ರಿ, ಅವಂಗ ಗೊತ್ತಿರೋದಕ್ಕಿಂತ ಒಂದು ಹಾಳಿ ಜಾಸ್ತಿ ಓದ್ರಿ, ಆಮ್ಯಾಲೆ ಹೋಗಿ ಎದುರಿಗೆ ನಿಲ್ರಿ.